ಹನ್ನೊಂದನೇ ದಿನ ಕಳೆದ ಮೇಲೂ ಹೋಗಿ ಬನ್ನಿ

ದಾವಣಗೆರೆ ಕಡೆ ಎಷ್ಟೋ ಮನೆಗಳಲ್ಲಿ ಸಾವಾದ ದಿನ ಒಲೆ ಹೊತ್ತಿಸುವುದಿಲ್ಲ. ಅಕ್ಕಪಕ್ಕದವರೇ ಅನ್ನ, ಸಾರು, ರೊಟ್ಟಿ ತಂದಿಡುತ್ತಾರೆ. "ಎರಡು ತುತ್ತಾದ್ರೂ ಉಣ್ಣವ್ವಾ" ಎಂದು ಹಿರಿಯರೊಬ್ಬರು ಪಕ್ಕದಲ್ಲೇ ಕೂತು ಒತ್ತಾಯ ಮಾಡುತ್ತಾರೆ. ಆ ಹೊತ್ತಿನಲ್ಲಿ ದೇಹದೊಳಗೆ ಏನು ನಡೆದಿರುತ್ತದೆ ಎಂದು ಗೊತ್ತಾದರೆ ಈ ಒತ್ತಾಯದ ಬೆಲೆ ತಿಳಿಯುತ್ತದೆ.

ಹತ್ತಿರದವರು ಹೋದಾಗ ಅಡ್ರಿನಲಿನ್, ಕಾರ್ಟಿಸಾಲ್‌ನಂಥ ಒತ್ತಡದ ಹಾರ್ಮೋನುಗಳು ಏರುತ್ತವೆ. ಎದೆ ಬಡಿತ, ಬಿಪಿ ಜಾಸ್ತಿಯಾಗುತ್ತದೆ. ನಿದ್ದೆ ಹಾರಿಹೋಗುತ್ತದೆ, ಹಸಿವು ಗೊತ್ತಾಗುವುದಿಲ್ಲ. ಹೃದಯಾಘಾತವಾಗಿದ್ದ ಸುಮಾರು 2,000 ಜನರ ವಿವರಗಳನ್ನು ಅಮೆರಿಕದ ಸಂಶೋಧಕರು ಪರಿಶೀಲಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಪ್ತರು ತೀರಿಕೊಂಡ ಮೊದಲ 24 ಗಂಟೆಯಲ್ಲಿ ಹೃದಯಾಘಾತದ ಸಾಧ್ಯತೆ ಮಾಮೂಲಿಗಿಂತ ಸುಮಾರು 21 ಪಟ್ಟು ಹೆಚ್ಚಿತ್ತು! ಆರೋಗ್ಯವಾಗಿರುವವರು ಇದಕ್ಕೆ ಹೆದರಬೇಕಿಲ್ಲ, ಅವರಿಗೆ ಮೊದಲೇ ಆ ಅಪಾಯ ತೀರಾ ಕಡಿಮೆ. ಆದರೆ ನಿಮ್ಮ ಗೆಳೆಯನ ಮನೆಯಲ್ಲೇ ಸಾವಾಗಿದ್ದರೆ, ಅವನ ಅಮ್ಮನಿಗೆ ಬಿಪಿಯೋ ಶುಗರೋ ಇರಬಹುದು. ಬಂದುಹೋಗುವವರ ಗದ್ದಲದಲ್ಲಿ "ಅಮ್ಮ, ಮಾತ್ರೆ ತಗೊಂಡ್ರಾ?" ಎಂದು ಕೇಳುವವರು ಒಬ್ಬರು ಬೇಕೇ ಬೇಕು. ಆ ಒಬ್ಬರು ನೀವಾಗಿ.

ನಮಗೆ ದೊಡ್ಡ ಚಿಂತೆ, ಏನು ಮಾತಾಡಬೇಕು ಎಂಬುದು. ಏನೂ ತೋಚದೆ "ಅಳಬೇಡ, ಧೈರ್ಯ ತಗೋ", "ಅವರ ಋಣ ಅಷ್ಟೇ ಇತ್ತು" ಎನ್ನುತ್ತೇವೆ. ಒಳ್ಳೆ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಕೇಳಿಸಿಕೊಂಡವರು ಅಳುವನ್ನು ನುಂಗಿ, ನಮ್ಮ ಸಮಾಧಾನಕ್ಕೆ ತಲೆಯಾಡಿಸಬೇಕಾಗುತ್ತದೆ. ಅದರ ಬದಲು ಸುಮ್ನೆ ಕೈ ಹಿಡಿದು ಕೂರಬಹುದು.

2006ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಕೋನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗವಿದೆ. ಮದುವೆಯಾದ 16 ಹೆಂಗಸರನ್ನು ಮೆದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ, ಸಣ್ಣ ಕರೆಂಟ್ ಶಾಕ್ ಕೊಡಬಹುದು ಎಂದು ಮುನ್ಸೂಚನೆ ಕೊಟ್ಟರು. ಗಂಡನ ಕೈ ಹಿಡಿದಿದ್ದಾಗ, ಅಪಾಯಕ್ಕೆ ಸಜ್ಜಾಗುವ ಮೆದುಳಿನ ಭಾಗಗಳ ಚಟುವಟಿಕೆ ಚೆನ್ನಾಗಿ ಇಳಿಯಿತು. ಗುರುತಿಲ್ಲದವರ ಕೈ ಹಿಡಿದಾಗಲೂ ಸ್ವಲ್ಪ ಇಳಿಯಿತು. ಅಲ್ಲಿ ಯಾರೂ ಸಮಾಧಾನದ ಮಾತಾಡಿರಲಿಲ್ಲ. ಪ್ರಯೋಗ ನಡೆದದ್ದು ಭಯದ ಬಗ್ಗೆ ಎಂಬುದು ನಿಜ. ಆದರೂ ಸಾವಿನ ಮನೆಯಲ್ಲಿ ಪಕ್ಕಕ್ಕೆ ಕೂರುವ ಗೆಳತಿ ಏನು ಮಾಡುತ್ತಿದ್ದಾಳೆ ಎಂದು ಅರ್ಥಮಾಡಿಕೊಳ್ಳಲು ನನಗೆ ಇದು ಸಹಾಯ ಮಾಡಿತು.

ದುಃಖಕ್ಕೆ ಐದು ಹಂತ ಎಂದು ನೀವೂ ಕೇಳಿರಬಹುದು. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರವಿದ್ದ ರೋಗಿಗಳ ಜೊತೆ ಮಾತಾಡಿ. ಅಗಲಿಕೆಯ ದುಃಖ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗುವುದಿಲ್ಲ. ನೆದರ್ಲೆಂಡ್ಸ್‌ನ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್ 1999ರಲ್ಲಿ ಬೇರೆ ಚಿತ್ರ ಕೊಟ್ಟರು. ಮನಸ್ಸು ಒಂದಷ್ಟು ಹೊತ್ತು ನೋವಿನಲ್ಲಿ ಮುಳುಗುತ್ತದೆ, ಒಂದಷ್ಟು ಹೊತ್ತು ಬದುಕಿನ ಕೆಲಸಗಳಿಗೆ ತಿರುಗುತ್ತದೆ, ಮತ್ತೆ ನೋವಿಗೆ ಮರಳುತ್ತದೆ. ಈ ಓಡಾಟವೇ ಸಹಜ. ಹಾಗಾಗಿ ಗೆಳೆಯ ನಾಲ್ಕನೇ ದಿನಕ್ಕೇ ಚೌಕಿಪೇಟೆಯ ಅಂಗಡಿ ಬಾಗಿಲು ತೆಗೆದರೆ "ಅಪ್ಪ ಹೋದ ನೋವೇ ಇಲ್ಲ" ಎನ್ನಬೇಡಿ. ಮೂರು ತಿಂಗಳ ಮೇಲೆ ಬೆಣ್ಣೆದೋಸೆ ತಿನ್ನುತ್ತಾ ಕೂತಲ್ಲೇ ಅವನು ಅತ್ತರೆ "ಇನ್ನೂನಾ?" ಎಂದೂ ಕೇಳಬೇಡಿ.

ಹನ್ನೊಂದನೆಯದೋ ಹದಿಮೂರನೆಯದೋ ಕಾರ್ಯ ಮುಗಿದ ಮೇಲೆ ಶಾಮಿಯಾನ ಬಿಚ್ಚುತ್ತಾರೆ, ನೆಂಟರು ಊರಿಗೆ ಹೊರಡುತ್ತಾರೆ. ಗೆಳೆಯರ ಅಗತ್ಯ ಜಾಸ್ತಿಯಾಗುವುದೇ ಆಗ. ಮರಣ ಪ್ರಮಾಣಪತ್ರ, ಬ್ಯಾಂಕಿನ ಕಾಗದ, ಹೊಲದ ಪೌತಿ ಖಾತೆ, ಎಲ್ಲಾ ಒಟ್ಟಿಗೆ ತಲೆ ಮೇಲೆ ಬಂದಿರುತ್ತದೆ. ದುಃಖದಲ್ಲಿ ಗಮನ, ನೆನಪು ಎರಡೂ ಮಂಕಾಗುತ್ತವೆ. "ಏನಾದ್ರೂ ಬೇಕಾದ್ರೆ ಹೇಳು" ಎಂದರೆ ಏನು ಬೇಕೆಂದು ಯೋಚಿಸುವ ಕೆಲಸವೂ ಅವರದ್ದೇ ಆಗುತ್ತದೆ, ಅಲ್ವಾ? "ನಾಳೆ ಹತ್ತು ಗಂಟೆಗೆ ಬರ್ತೀನಿ, ಪಾಲಿಕೆ ಆಫೀಸಿಗೆ ಹೋಗಿಬರೋಣ" ಎನ್ನಿ. ದಾರಿಯಲ್ಲಿ ತೀರಿಕೊಂಡವರ ಮಾತು ತೆಗೆಯಲು ಹಿಂಜರಿಯಬೇಡಿ. ಅವರ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಬೇಕೆಂದು ಎಷ್ಟೋ ಜನ ಕಾಯುತ್ತಿರುತ್ತಾರೆ.

ಬಹುಪಾಲು ಜನರ ನೋವು ಕಾಲ ಕಳೆದಂತೆ ಹಗುರಾಗುತ್ತದೆ. ಕೆಲವರಿಗೆ ಆರು ತಿಂಗಳು ದಾಟಿದರೂ ತೀವ್ರತೆ ಇಳಿಯುವುದಿಲ್ಲ, ದಿನದ ಕೆಲಸ ಮಾಡಲೂ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಚಿಕಿತ್ಸೆ ಬೇಕಾದ ಸ್ಥಿತಿ ಎಂದು ಗುರುತಿಸಿದೆ. ಬದುಕೇ ಬೇಡ ಎನ್ನುವ ಮಾತು ಬಂದರಂತೂ ಆರು ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಕೊಟ್ಟು ಎದ್ದು ಬರಬೇಡಿ. ಅವರು ಒಪ್ಪಿದರೆ ನೀವೇ ಫೋನ್ ಹಚ್ಚಿಕೊಟ್ಟು, ಮಾತು ಮುಗಿಯುವವರೆಗೆ ಅಲ್ಲೇ ಇರಿ.