ಟೇಪ್ ಬ್ಯಾಕಪ್: ಎಳೆಯ ತುದಿ ಎಲ್ಲಿದೆ?

ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕದಲ್ಲಿ ಒಳ್ಳೆಯ ದ್ವಿತಳಿ ಗೂಡೊಂದನ್ನು ಬಿಚ್ಚಿದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಎಳೆ ಸಿಗುತ್ತದೆ. ಕಂಪ್ಯೂಟರ್ ದತ್ತಾಂಶದ ಪ್ರತಿ ಇಡುವ, ಅಂಗೈಯಲ್ಲಿ ಹಿಡಿಸುವ ಎಲ್‌ಟಿಒ-8 (ಎಲ್‌ಟಿಒ ಟೇಪಿನ ಎಂಟನೇ ಪೀಳಿಗೆ) ಕಾರ್ಟ್ರಿಜ್‌ನೊಳಗಿನ ಟೇಪಿನ ಉದ್ದವೂ 960 ಮೀಟರ್; ಅದರಲ್ಲಿ 12 ಟೆರಾಬೈಟ್ ಕೂರುತ್ತದೆ. ನೂಲು ಬಿಚ್ಚುವವರು ಪಾಲಿಸುವ ಎರಡು ನಿಯಮ ಇಲ್ಲಿಯೂ ನಡೆಯುತ್ತವೆ: ತುದಿ ಎಲ್ಲಿದೆ ಎಂಬುದು ಗೊತ್ತಿರಬೇಕು, ಓಟ ತಡವರಿಸಬಾರದು.

ಟೇಪ್ ಡ್ರೈವನ್ನು ಎಸ್‌ಎಎಸ್ ಕೇಬಲ್ (ಡಿಸ್ಕ್, ಟೇಪ್ ಡ್ರೈವ್ ಜೋಡಿಸುವ ಕೇಬಲ್) ಮೂಲಕ ಸಾದಾ ಎಚ್‌ಬಿಎ ಕಾರ್ಡಿಗೇ (ಡ್ರೈವನ್ನು ಕಂಪ್ಯೂಟರಿಗೆ ನೇರವಾಗಿ ಜೋಡಿಸುವ ಕಾರ್ಡು) ಸೇರಿಸಿ. ಹಲವು ಡಿಸ್ಕನ್ನು ಒಂದಾಗಿಸುವ ಎಷ್ಟೋ ರೇಡ್ ಕಾರ್ಡುಗಳು ಡಿಸ್ಕನ್ನಷ್ಟೇ ಗುರುತಿಸಿ ಟೇಪನ್ನು ಕೈಬಿಡುತ್ತವೆ. ಲಿನಕ್ಸ್ ಎದ್ದ ಮೇಲೆ ‘ಎಲ್‌ಎಸ್‌ಸ್ಕಸಿ -ಜಿ’ ಕೊಟ್ಟರೆ ಟೇಪ್ ಸಾಧನದ ಹೆಸರು ಕಾಣುತ್ತದೆ. ಕಾರ್ಟ್ರಿಜ್ ಹಾಕಿ, ಟೇಪನ್ನು ನಡೆಸುವ ‘ಎಂಟಿ’ ಆದೇಶದಲ್ಲಿ ‘ಎಂಟಿ -ಎಫ್ /ಡೆವ್/ಎನ್‌ಎಸ್‌ಟಿ0 ಸ್ಟೇಟಸ್’ ಎಂದು ಕೇಳಿ. ಉತ್ತರದಲ್ಲಿ ಆನ್‌ಲೈನ್, ಬಿಒಟಿ ಎಂದಿದ್ದರೆ ಟೇಪು ಮೊದಲ ತುದಿಯಲ್ಲಿ ಸಿದ್ಧವಾಗಿದೆ.

ಬ್ಯಾಕಪ್ ಹಾಳಾಗಲು ಸಾಧನದ ಈ ಹೆಸರೊಂದೇ ಸಾಕು. ಒಂದೇ ಡ್ರೈವಿಗೆ ಎರಡು ಹೆಸರಿವೆ. ‘ಎಸ್‌ಟಿ0’ ಬಳಸಿದರೆ ಕೆಲಸ ಮುಗಿದ ಕೂಡಲೇ ಟೇಪು ತಾನಾಗಿ ಮೊದಲಿಗೆ ಸುತ್ತಿಕೊಳ್ಳುತ್ತದೆ. ‘ಎನ್‌ಎಸ್‌ಟಿ0’ ಬಳಸಿದರೆ ನಿಂತಲ್ಲೇ ನಿಲ್ಲುತ್ತದೆ. ಸೋಲಾರಿಸ್‌ನಲ್ಲಿ ‘/ಡೆವ್/ಆರ್‌ಎಂಟಿ/0’ ಮತ್ತು ‘0ಎನ್’, ಫ್ರೀಬಿಎಸ್‌ಡಿಯಲ್ಲಿ ‘ಎಸ್‌ಎ0’ ಮತ್ತು ‘ಎನ್‌ಎಸ್‌ಎ0’ ಇದೇ ಜೋಡಿ. ಸೋಮವಾರದ ಬ್ಯಾಕಪ್ ಆದಮೇಲೆ ಮಂಗಳವಾರ ‘ಎನ್’ ಬಿಟ್ಟುಹೋದ ಸ್ಕ್ರಿಪ್ಟ್ ಓಡಿದರೆ, ಹೊಸದು ಹಳೆಯದರ ಮೇಲೇ ಬರೆಯುತ್ತದೆ. ಮಂಗಳವಾರದ್ದು ಚಿಕ್ಕದಾಗಿದ್ದರೂ ಸೋಮವಾರದ ಉಳಿದ ಭಾಗ ದಕ್ಕುವುದಿಲ್ಲ. ಅದು ಟೇಪಿನಲ್ಲಿ ಇನ್ನೂ ಇರುತ್ತದೆ, ಆದರೆ ‘ದತ್ತಾಂಶ ಇಲ್ಲಿಗೆ ಮುಗಿಯಿತು’ ಎಂಬ ಹೊಸ ಗುರುತನ್ನು ದಾಟಿ ಡ್ರೈವ್ ಓದುವುದಿಲ್ಲ. ದೋಷದ ಸಂದೇಶವೂ ಬರುವುದಿಲ್ಲ. ಹಾಗಾಗಿ ಪ್ರತಿ ರಾತ್ರಿ ಬರೆಯುವ ಮುನ್ನ ‘ಎಂಟಿ ಇಒಡಿ’ ಕೊಟ್ಟು ಕೊನೆಗೆ ಹೋಗಿ. ಬುಧವಾರದ್ದು ಬೇಕೆಂದರೆ ‘ರಿವೈಂಡ್’, ಆಮೇಲೆ ‘ಎಫ್‌ಎಸ್‌ಎಫ್ 2’: ಎರಡು ಫೈಲ್ ದಾಟಿದರೆ ಮೂರನೆಯದರ ಬಾಗಿಲು. ಎರಡು ಡ್ರೈವ್ ಇದ್ದಲ್ಲಿ ರೀಬೂಟ್ ಆದಾಗ ಸಂಖ್ಯೆ ಅದಲುಬದಲಾಗಬಹುದು; ‘/ಡೆವ್/ಟೇಪ್/ಬೈ-ಐಡಿ’ ಕೆಳಗಿನ ಹೆಸರನ್ನೇ ಸ್ಕ್ರಿಪ್ಟಿನಲ್ಲಿ ಬರೆಯಿರಿ.

ಇನ್ನು ಬ್ಲಾಕ್ ಗಾತ್ರ, ಅಂದರೆ ಒಂದು ಸಲಕ್ಕೆ ಟೇಪಿಗೆ ಬರೆಯುವ ತುತ್ತು. ಫೈಲುಗಳನ್ನು ಒಂದಾಗಿ ಕಟ್ಟುವ ಗ್ನು ಟಾರ್ ತಾನಾಗಿ 10,240 ಬೈಟ್‌ಗಳ ತುತ್ತು ಕೊಡುತ್ತದೆ. ಇಂದಿನ ಡ್ರೈವಿಗೆ ಅದು ಸಾಲದು. ‘ಎಂಟಿ ಸೆಟ್‌ಬಿಎಲ್‌ಕೆ 0’ ಮಾಡಿ (ಆಗ ಗಾತ್ರ ಬದಲಾಗಬಲ್ಲದು), ಟಾರ್‌ಗೆ ‘-ಬಿ 512’ ಕೊಡಿ: 512 ಬೈಟ್‌ಗಳ 512 ತುಂಡು, ಅಂದರೆ 2,62,144 ಬೈಟ್. ಈ ಸಂಖ್ಯೆಯನ್ನು ಕಾರ್ಟ್ರಿಜ್ ಪೆಟ್ಟಿಗೆಯ ಮೇಲೆ ಬರೆದಿಡಿ. ಓದುವಾಗ ಚಿಕ್ಕ ಗಾತ್ರ ಕೊಟ್ಟರೆ ಲಿನಕ್ಸ್ ‘ಮೆಮೊರಿ ಸಿಗಲಿಲ್ಲ’ ಎಂದು ದಾರಿತಪ್ಪಿಸುವ ಉತ್ತರ ಕೊಡುತ್ತದೆ. ಒಳ್ಳೆಯ ಟೇಪನ್ನೇ ಕೆಟ್ಟಿತೆಂದು ಎಸೆದುಬಿಡುವ ಅಪಾಯವಿದೆ.

ಪೂರ್ಣ ಎತ್ತರದ ಎಲ್‌ಟಿಒ-8 ಡ್ರೈವ್ ಸೆಕೆಂಡಿಗೆ 360 ಮೆಗಾಬೈಟ್ ಬರೆಯಬಲ್ಲದು. ಒಂದು ಗಿಗಾಬಿಟ್ ನೆಟ್‌ವರ್ಕ್ ಕೊಡುವುದು ಅದರ ಮೂರನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಡ್ರೈವ್ ತನ್ನ ವೇಗ ತಗ್ಗಿಸಿಕೊಂಡು ಸ್ವಲ್ಪ ಹೊಂದಿಕೊಳ್ಳುತ್ತದೆ. ಅದಕ್ಕಿಂತ ನಿಧಾನವಾದರೆ ಟೇಪು ನಿಂತು, ಹಿಂದಕ್ಕೆ ಸರಿದು, ಮತ್ತೆ ಓಡುತ್ತದೆ. ರಾತ್ರಿಯಿಡೀ ಹೀಗಾದರೆ ಟೇಪೂ ಅದನ್ನು ಓದಿ ಬರೆಯುವ ಹೆಡ್ಡೂ ಸವೆಯುತ್ತವೆ. ‘ಎಂಬಫರ್ -ಎಂ 4ಜಿ -ಪಿ 90’ (ಇಲ್ಲಿ ಪಿ ಇಂಗ್ಲಿಷಿನ ದೊಡ್ಡಕ್ಷರ) ಟಾರ್ ಮತ್ತು ಟೇಪಿನ ನಡುವೆ ಇಟ್ಟರೆ ನಾಲ್ಕು ಗಿಗಾಬೈಟಿನ ತೊಟ್ಟಿ ಶೇ 90 ತುಂಬಿದ ಮೇಲಷ್ಟೇ ಟೇಪು ಓಡಲಾರಂಭಿಸುತ್ತದೆ. ಮೂಲ ನಿಧಾನವೇ ಆಗಿದ್ದರೆ ಮೊದಲು ಡಿಸ್ಕಿಗೆ ಇಳಿಸಿಕೊಂಡು ಅಲ್ಲಿಂದ ಬರೆಯುವುದು ಮೇಲು.

ಚಿಕ್ಕಬಳ್ಳಾಪುರದ ಸುತ್ತಿನ ಕಲ್ಲುಕ್ವಾರಿ, ಕ್ರಷರ್‌ಗಳ ಧೂಳು ಹೆಡ್ಡಿಗೆ ಶತ್ರು. ಕಿಟಕಿ ತೆರೆದ ಕೋಣೆಯಲ್ಲಿ ಡ್ರೈವ್ ಬೇಡ. ಕ್ಲೀನಿಂಗ್ ಕಾರ್ಟ್ರಿಜ್ಜನ್ನು ಡ್ರೈವ್ ಕೇಳಿದಾಗ ಮಾತ್ರ ಹಾಕಿ. ವರ್ಷಗಟ್ಟಲೆ ಇಡುವ ಟೇಪಿಗೆ 16ರಿಂದ 25 ಡಿಗ್ರಿ ಸೆಲ್ಸಿಯಸ್, ಶೇ 20ರಿಂದ 50 ತೇವಾಂಶ ಬೇಕು. ಏಪ್ರಿಲ್ ಬಿಸಿಲಲ್ಲಿ ತಗಡಿನ ಕೋಣೆಯ ಬೀರು ಆಗದು.

ತಿಂಗಳಿಗೊಮ್ಮೆ ಒಂದು ಫೋಲ್ಡರನ್ನು ಬೇರೆ ಜಾಗಕ್ಕೆ ಇಳಿಸಿ, ಬ್ಯಾಕಪ್ ದಿನವೇ ಬರೆದಿಟ್ಟ ಚೆಕ್‌ಸಮ್ (ಫೈಲು ಬದಲಾಗಿದೆಯೇ ಎಂದು ತಿಳಿಸುವ ಲೆಕ್ಕದ ಸಂಖ್ಯೆ) ಪಟ್ಟಿಗೆ ತಾಳೆ ನೋಡಿ. ಸಾಧ್ಯವಾದರೆ ಬೇರೊಂದು ಡ್ರೈವಿನಲ್ಲಿ ಓದಿಸಿ. ಹೊಸ ಡ್ರೈವ್ ಕೊಳ್ಳುವಾಗ ಬೀರುವಿನಲ್ಲಿರುವ ಟೇಪುಗಳ ಪೀಳಿಗೆಯನ್ನೂ ಎಣಿಸಿ: ಎಲ್‌ಟಿಒ-8 ಡ್ರೈವ್ ಎಲ್‌ಟಿಒ-7 ಟೇಪನ್ನು ಓದುತ್ತದೆ, ಎಲ್‌ಟಿಒ-6 ಅನ್ನು ಓದುವುದಿಲ್ಲ.