ದರಪಟ್ಟಿಯಿಂದ ಹೊರಬಿದ್ದ ಸೋನಾ ಮಸೂರಿ

ಗಂಗಾವತಿಯ ಅಕ್ಕಿ ವ್ಯಾಪಾರಿಯೊಬ್ಬರ ಜಾಲಪುಟದಲ್ಲಿ ದಿನದ ದರಪಟ್ಟಿ ಇದೆ ಎಂದುಕೊಳ್ಳಿ. ಎಡ ಅಂಕಣದಲ್ಲಿ ತಳಿಯ ಹೆಸರು, ಬಲ ಅಂಕಣದಲ್ಲಿ ಕ್ವಿಂಟಲ್ ದರ. ಹೆಸರುಗಳೆಲ್ಲ ದಪ್ಪಕ್ಷರದಲ್ಲಿವೆ. ಒಂದು ಸಾಲಿನಲ್ಲಿ ಮಾತ್ರ ಚೌಕ ತೆರೆಯುವ ‘ಟಿಡಿ’ ಟ್ಯಾಗ್ (ಪುಟದ ಭಾಗಗಳನ್ನು ಬ್ರೌಸರ್‌ಗೆ ತಿಳಿಸುವ ಗುರುತು) ಬಿಟ್ಟುಹೋಗಿದೆ. ದಪ್ಪಕ್ಷರದ ‘ಬಿ’ ಟ್ಯಾಗ್, ಅದರೊಳಗೆ ಸೋನಾ ಮಸೂರಿ, ಕೊನೆಗೆ ಚೌಕ ಮುಚ್ಚುವ ಟ್ಯಾಗ್, ಇಷ್ಟೂ ಇವೆ. ಬ್ರೌಸರ್ ಚಕಾರ ಎತ್ತುವುದಿಲ್ಲ. ಆದರೆ ಪುಟ ತೆರೆದಾಗ ಸೋನಾ ಮಸೂರಿ ಕೋಷ್ಟಕದಿಂದ ಹೊರಬಿದ್ದು ಅದರ ನೆತ್ತಿಯ ಮೇಲೆ ಒಂಟಿಯಾಗಿ ನಿಂತಿರುತ್ತದೆ. ಅದರ ದರ ಎಡಕ್ಕೆ ಸರಿದು ಹೆಸರಿನ ಅಂಕಣದಲ್ಲಿ ಕುಳಿತಿರುತ್ತದೆ.

ಬ್ರೌಸರ್ ಇಲ್ಲಿ ಮನಸ್ಸಿಗೆ ಬಂದಂತೆ ನಡೆದುಕೊಂಡಿಲ್ಲ, ನಿಯಮ ಪಾಲಿಸಿದೆ. ಕೋಷ್ಟಕದ ಒಳಗಿದ್ದೂ ಯಾವ ಚೌಕಕ್ಕೂ ಸೇರದ ಬರಹವನ್ನು ಕೋಷ್ಟಕಕ್ಕಿಂತ ಮೊದಲು ಇಡಬೇಕೆಂದು ಜಾಲಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಮಾನದಂಡವೇ ಹೇಳುತ್ತದೆ. ಈ ವ್ಯವಸ್ಥೆಗೆ ಅಲ್ಲಿ ‘ಫಾಸ್ಟರ್ ಪೇರೆಂಟಿಂಗ್’, ಅಂದರೆ ಸಾಕು ಪೋಷಣೆ, ಎಂಬ ಹೆಸರೂ ಇದೆ.

ತಪ್ಪನ್ನು ತಿದ್ದುವುದಕ್ಕೂ ನಿಯಮ ಬೇಕಾಗಿ ಬಂದದ್ದು ಏಕೆ? ಜಾಲದ ಆರಂಭದ ದಿನಗಳಿಂದಲೂ ಬ್ರೌಸರ್‌ಗಳು ಹರಕುಮುರುಕು ಪುಟಗಳನ್ನು ತಮತಮಗೆ ತೋಚಿದಂತೆ ಹೊಂದಿಸಿ ತೋರಿಸುತ್ತಿದ್ದವು. 2000ದಲ್ಲಿ ಬಂದ ಎಕ್ಸ್‌ಎಚ್‌ಟಿಎಂಎಲ್ ಇದಕ್ಕೆ ತದ್ವಿರುದ್ಧ: ಪುಟವನ್ನು ಕಟ್ಟುನಿಟ್ಟಿನ ಎಕ್ಸ್‌ಎಂಎಲ್ ಭಾಷೆಯದು ಎಂದೇ ಕಳುಹಿಸಿದರೆ, ಒಂದು ಟ್ಯಾಗ್ ತಪ್ಪಿದರೂ ಓದುಗನಿಗೆ ಸಿಗುವುದು ದೋಷದ ಸಂದೇಶ. ಬರೆದವನ ತಪ್ಪಿಗೆ ಓದುವವನಿಗೆ ದಂಡ! ಅದು ಜನಕ್ಕೆ ಹಿಡಿಸಲಿಲ್ಲ. 2004ರಲ್ಲಿ ಆಪಲ್, ಮೊಝಿಲ್ಲಾ, ಒಪೇರಾ ಕಡೆಯವರು ವಾಟ್‌ಡಬ್ಲ್ಯುಜಿ ಎಂಬ ಗುಂಪು ಕಟ್ಟಿಕೊಂಡರು. ಆ ಕೆಲಸದಿಂದ ಬೆಳೆದ ಎಚ್‌ಟಿಎಂಎಲ್5, ಎಂಥ ತಪ್ಪು ಎದುರಾದರೆ ಏನು ಮಾಡಬೇಕೆಂಬುದನ್ನು ಹೆಜ್ಜೆಹೆಜ್ಜೆಯಾಗಿ ಬರೆದಿಟ್ಟಿತು.

ತಪ್ಪು ಹುಡುಕುವ ಲೈಬ್ರರಿಗಳಿಗೆ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್‌ಗಳಿಗೆ) ಇದರಿಂದ ದೊಡ್ಡ ಲಾಭವಾಯಿತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎಚ್‌ಟಿಎಂಎಲ್5ಲಿಬ್ ಅವುಗಳಲ್ಲೊಂದು. ಅದು ಅದೇ ನಿಯಮಾವಳಿಯ ಪ್ರಕಾರ ಪುಟವನ್ನು ಓದುತ್ತದೆ, ತಪ್ಪನ್ನು ಬ್ರೌಸರ್‌ನಂತೆಯೇ ತಿದ್ದುತ್ತದೆ, ಜೊತೆಗೆ ತಿದ್ದಿದ ಪ್ರತಿ ಜಾಗವನ್ನೂ ಸಾಲಿನ ಸಂಖ್ಯೆಯೊಂದಿಗೆ ಪಟ್ಟಿಗೆ ಸೇರಿಸುತ್ತದೆ. ನಮ್ಮ ಸೋನಾ ಮಸೂರಿಯ ಸಾಲಿಗೆ ಬಂದಾಗ, ಕೋಷ್ಟಕದಲ್ಲಿ ಅನಿರೀಕ್ಷಿತವಾಗಿ ‘ಬಿ’ ಟ್ಯಾಗ್ ಬಂದದ್ದರಿಂದ ‘ವೂಡೂ ಮೋಡ್’ ಶುರುವಾಯಿತು ಎಂದು ದೂರುತ್ತದೆ. ಮಾಟಮಂತ್ರವನ್ನು ದೋಷದ ಸಂದೇಶಕ್ಕೆ ತಂದವರ ತುಂಟತನವನ್ನು ಮೆಚ್ಚಲೇಬೇಕು. ಚೌಕವೇ ತೆರೆಯದೆ ಬಂದ ಮುಚ್ಚುವ ಟ್ಯಾಗ್ ಮೇಲೆ ಇನ್ನೊಂದು ದೂರು.

ಮೊದಲ ತಪ್ಪಿಗೇ ಕೆಲಸ ನಿಲ್ಲಿಸುವ ‘ಸ್ಟ್ರಿಕ್ಟ್’ ಆಯ್ಕೆಯೂ ಇದರಲ್ಲಿದೆ. ದರಪಟ್ಟಿಯನ್ನು ದಿನವೂ ಪ್ರೋಗ್ರಾಂ ತಾನಾಗಿಯೇ ತಯಾರಿಸುವಲ್ಲಿ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಮತ. ತಪ್ಪಿದ ಪಟ್ಟಿ ಹೊರಗೆ ಹೋಗುವುದಕ್ಕಿಂತ ಪ್ರಕಟಣೆ ಅರ್ಧ ಗಂಟೆ ತಡವಾದರೆ ನಷ್ಟವಿಲ್ಲ.

ಆದರೆ ಎಚ್‌ಟಿಎಂಎಲ್5ಲಿಬ್ ನೋಡುವುದು ಟ್ಯಾಗ್‌ಗಳ ಹೊಂದಾಣಿಕೆಯಂಥ ವ್ಯಾಕರಣದ ತಪ್ಪುಗಳನ್ನು ಮಾತ್ರ. ಚಿತ್ರಕ್ಕೆ ಬದಲಿ ಪಠ್ಯ ಇದೆಯೇ, ಪುಟದ ಒಂದು ಭಾಗಕ್ಕೆ ಕೊಟ್ಟ ಗುರುತಿನ ಹೆಸರು (ಐಡಿ) ಎರಡು ಕಡೆ ಬಂದಿದೆಯೇ ಎಂಬುದು ಅದರ ಗಮನಕ್ಕೆ ಬರುವುದಿಲ್ಲ. ಅದಕ್ಕೆ ಜಾವಾದಲ್ಲಿ ಬರೆದ ‘ನು ಎಚ್‌ಟಿಎಂಎಲ್ ಚೆಕರ್’ ಬೇಕು. ಕನ್ನಡ ಪುಟಗಳಿಗೆ ಹೆಚ್ಚು ಸಂಬಂಧಿಸಿದ ಒಂದು ತಪ್ಪನ್ನೂ ಅದು ಹಿಡಿಯುತ್ತದೆ. ಪುಟದ ಅಕ್ಷರಗಳು ಯುಟಿಎಫ್-8 ಎಂಬ ಲಿಪಿಸಂಕೇತದಲ್ಲಿವೆ ಎಂದು ಸಾರುವ ‘ಮೆಟಾ’ ಸಾಲು ಮೊದಲ 1024 ಬೈಟ್‌ಗಳ ಒಳಗೇ ಬರಬೇಕು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಮೂಲಾಕ್ಷರ, ಗುಣಿತದ ಚಿಹ್ನೆ, ಸೊನ್ನೆ ಪ್ರತಿಯೊಂದಕ್ಕೂ ಮೂರು ಬೈಟ್. ‘ಗಂಗಾವತಿ’ ಎಂಬ ಒಂದು ಪದವೇ 21 ಬೈಟ್ ತಿನ್ನುತ್ತದೆ. ಉದ್ದನೆಯ ಕನ್ನಡ ಶೀರ್ಷಿಕೆ, ಅದರ ಕೆಳಗೆ ಕನ್ನಡದ್ದೇ ವಿವರಣೆ ಬರೆದು ಆಮೇಲೆ ಆ ಸಾಲನ್ನು ಹಾಕಿದರೆ ಗಡಿ ಸುಲಭವಾಗಿ ದಾಟುತ್ತದೆ. ಪುಟವನ್ನು ಕಳುಹಿಸುವ ಸರ್ವರ್ ಕೂಡ ಲಿಪಿಯ ಸಂಕೇತ ಯಾವುದೆಂದು ತಿಳಿಸದಿದ್ದರೆ ಬ್ರೌಸರ್ ಊಹೆಗೆ ಇಳಿಯಬಹುದು, ದರಪಟ್ಟಿ ವಿಚಿತ್ರ ಚಿಹ್ನೆಗಳ ರಾಶಿಯಾಗಬಹುದು. ಇದಕ್ಕೆ ಹೊಸದಾಗಿ ಏನನ್ನೂ ಬರೆಯಬೇಕಾಗಿಲ್ಲ. ಆ ‘ಮೆಟಾ’ ಸಾಲನ್ನು ಪುಟದ ಆರಂಭದ ‘ಹೆಡ್’ ಟ್ಯಾಗ್ ತೆರೆದ ಕೂಡಲೇ, ಶೀರ್ಷಿಕೆಗಿಂತ ಮೊದಲು ಇಟ್ಟರಾಯಿತು.