ಸಿಇಟಿ ಲೆಕ್ಕದಲ್ಲಿ ಕಷ್ಟಕ್ಕೆ ಎಷ್ಟು ಅಂಕ?

ಕರ್ನಾಟಕದಲ್ಲಿ ವೃತ್ತಿಪರ ಕೋರ್ಸುಗಳಿಗೆ ನಡೆಯುವ ಸಾಮಾನ್ಯ ಪ್ರವೇಶ ಪರೀಕ್ಷೆಯ, ಎಂದರೆ ಸಿಇಟಿಯ, ಅರ್ಜಿ ವಿದ್ಯಾರ್ಥಿಯ ಬಗ್ಗೆ ಬಹಳಷ್ಟು ಕೇಳುತ್ತದೆ. ಒಂದನೇ ತರಗತಿಯಿಂದ ಎಲ್ಲಿ ಓದಿದ್ದೀರಿ, ಯಾವ ಮಾಧ್ಯಮ, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಎಷ್ಟು, ಕಲ್ಯಾಣ ಕರ್ನಾಟಕದವರೇ, ಸೈನಿಕರ ಮಕ್ಕಳೇ ಎಂದೆಲ್ಲ. ಪರೀಕ್ಷೆಗೆ ಹತ್ತು ದಿನ ಇರುವಾಗ ಅಪ್ಪ ತೀರಿಕೊಂಡದ್ದನ್ನೋ, ಡೆಂಗಿ ಬಂದು ತಿಂಗಳು ಮಲಗಿದ್ದನ್ನೋ, ವರ್ಷವಿಡೀ ಸಂಜೆ ಅಂಗಡಿಯಲ್ಲಿ ದುಡಿದದ್ದನ್ನೋ ಬರೆಯಲು ಮಾತ್ರ ಅದರಲ್ಲಿ ಒಂದು ಸಾಲಿನ ಜಾಗವೂ ಇಲ್ಲ. ಇದು ಮರೆವಿನಿಂದ ಬಿಟ್ಟುಹೋದದ್ದೇನಲ್ಲ. ಒಬ್ಬ ಅಧಿಕಾರಿ ಎದುರು ಕೂತು ವಿದ್ಯಾರ್ಥಿಯ ಪರಿಸ್ಥಿತಿಯನ್ನು ತೂಗುವ ಪದ್ಧತಿ ನಮ್ಮಲ್ಲೂ ಇತ್ತು. ಅದನ್ನು ಒಂದೊಂದೇ ಹೆಜ್ಜೆಯಾಗಿ ಹೊರಗಿಟ್ಟದ್ದು ಯಾಕೆ ಎಂದು ತಿಳಿಯಲು ಮೈಸೂರು ರಾಜ್ಯದ ಕಾಲಕ್ಕೆ ಹೋಗಬೇಕು.

ಹಿಂದುಳಿದವರಿಗೆ ಅವಕಾಶ ಕೊಡುವ ಮಾತು ಮೈಸೂರಿಗೆ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿಯಿಂದಲೇ ಅದು ಶುರು. ಆದರೆ ಕಾಲೇಜು ಸೀಟಿನ ಜಗಳ ನ್ಯಾಯಾಲಯಕ್ಕೆ ಹೋದದ್ದು ಮೊದಲು ಮದ್ರಾಸಿನಿಂದ. ದಕ್ಷಿಣ ಕನ್ನಡ, ಬಳ್ಳಾರಿ ಆಗ ಆ ರಾಜ್ಯಕ್ಕೇ ಸೇರಿದ್ದವು. ಅಲ್ಲಿನ ಕೋಮುವಾರು ಆದೇಶ ಪ್ರತಿ 14 ಸೀಟುಗಳನ್ನು ಸಮುದಾಯಗಳಿಗೆ ಇಷ್ಟಿಷ್ಟು ಎಂದು ಹಂಚಿಬಿಡುತ್ತಿತ್ತು. 1951ರ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿಯಾಗಿ 15(4)ನೇ ವಿಧಿ ಬಂತು. 'ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗಗಳು' ಎಂಬ ಅದರ ಮಾತಿನಲ್ಲಿ ಲೆಕ್ಕಕ್ಕೆ ಬರುವುದು ವರ್ಗ. ವ್ಯಕ್ತಿಯ ಪಾಡು ಅಲ್ಲೇ ಹಿಂದೆ ಸರಿಯಿತು.

ವರ್ಗವನ್ನು ಅಳೆಯುವುದು ಹೇಗೆ? ಮೈಸೂರು ಸರ್ಕಾರ ನೇಮಿಸಿದ ನಾಗನಗೌಡ ಸಮಿತಿ ಒಂದು ಮಾಪನ ಹಿಡಿಯಿತು. ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಮುದಾಯದ ಸಾವಿರ ಜನಸಂಖ್ಯೆಗೆ ಎಷ್ಟು ಮಕ್ಕಳಿದ್ದಾರೆ ಎಂಬ ಎಣಿಕೆ ಅದು. ರಾಜ್ಯದ ಸರಾಸರಿ 6.9. ಅದರ ಅರ್ಧಕ್ಕಿಂತ ಕೆಳಗಿದ್ದವರು ಹೆಚ್ಚು ಹಿಂದುಳಿದವರು. ಲೆಕ್ಕ ಸರಳ, ಆದರೆ ಗೆರೆಯ ಅಂಚಿನಲ್ಲಿ ಜಾರಿತು: 7.1 ಇದ್ದ ಲಿಂಗಾಯತರೂ ಪಟ್ಟಿಯೊಳಗೆ ಬಂದರು. 1962ರ ಜುಲೈ 31ರ ಆದೇಶ ಹಿಂದುಳಿದವರಿಗೆ ಶೇ 28, ಹೆಚ್ಚು ಹಿಂದುಳಿದವರಿಗೆ ಶೇ 22, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3, ಒಟ್ಟು ಶೇ 68 ಸೀಟು ಕಾದಿರಿಸಿತು. ಎರಡು ತಿಂಗಳೂ ತುಂಬುವ ಮುನ್ನ, ಸೆಪ್ಟೆಂಬರ್ 28ಕ್ಕೆ, ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಮೀಸಲಾತಿ ಸಾಮಾನ್ಯವಾಗಿ ಶೇ 50ರ ಒಳಗಿರಬೇಕು, ಜಾತಿಯೊಂದೇ ಅಳತೆಗೋಲಾಗಬಾರದು ಎಂಬ ಎರಡು ಮಾತು ಅಲ್ಲಿಂದ ಬಂದವು. ಇಂದಿಗೂ ದೇಶವಿಡೀ ಚರ್ಚೆಯಾಗುವ ಐವತ್ತರ ಮಿತಿಯ ಹುಟ್ಟೂರು ಮೈಸೂರು ರಾಜ್ಯದ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳೇ.

ಮರುವರ್ಷ ಸರ್ಕಾರ ಜಾತಿಯನ್ನು ಪೂರ್ತಿ ಬಿಟ್ಟು ಬೇರೆ ದಾರಿ ಹಿಡಿಯಿತು. ಇದು ಈಗ ಬಹುತೇಕರಿಗೆ ಮರೆತೇ ಹೋಗಿದೆ. ಕುಟುಂಬದ ವಾರ್ಷಿಕ ಆದಾಯ 1,200 ರೂಪಾಯಿ ಮೀರಬಾರದು, ಜೊತೆಗೆ ಕಸುಬು ಈ ಐದರಲ್ಲಿ ಒಂದಾಗಿರಬೇಕು: ಸ್ವತಃ ಉಳುಮೆ, ಕುಶಲಕರ್ಮ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ಇಲ್ಲವೇ ಮೈಮುರಿದು ಮಾಡುವ ಬೇರೆ ಯಾವುದಾದರೂ ಕೆಲಸ. ಇಂಥ ಮನೆಯ ಮಕ್ಕಳಿಗೆ ಶೇ 30 ಸೀಟು. ಕರ್ನಾಟಕದ ಪ್ರವೇಶ ನಿಯಮಗಳಲ್ಲಿ ಮನೆಯ ಕಷ್ಟವನ್ನು ನೇರವಾಗಿ ಅಳೆಯಲು ಹೊರಟ ಆದೇಶ ಇದ್ದರೆ ಅದು ಇದೇ ಎನ್ನಬೇಕು. ಅದಕ್ಕಂಟಿಕೊಂಡೇ ಇನ್ನೊಂದು ವ್ಯವಸ್ಥೆಯೂ ಬಂತು: ಸಂದರ್ಶನ. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಕಾಲುಭಾಗ, ಎಂದರೆ ಮುನ್ನೂರಕ್ಕೆ ಎಪ್ಪತ್ತೈದರಷ್ಟು, ಆಯ್ಕೆ ಸಮಿತಿಯ ಕೈಯಲ್ಲಿ. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಹಿಂದಿನ ಓದು, ಎನ್‌ಸಿಸಿ, ಆಟ-ನಾಟಕ-ಚರ್ಚಾಸ್ಪರ್ಧೆ ನೋಡಿ ಅಂಕ ಕೊಡಬೇಕಿತ್ತು. ಉಳುವವನ ಮಗನಿಗೆ ಶೇ 30ರಲ್ಲಿ ಬಾಗಿಲು ತೆರೆದ ಸರ್ಕಾರವೇ, ಚರ್ಚಾಸ್ಪರ್ಧೆಗೆ ಅಂಕ ಕೊಟ್ಟು ಪೇಟೆಯ ಹುಡುಗನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿತ್ತು.

ಸಮಿತಿ ಆ ಮಾನದಂಡಗಳನ್ನೂ ಪಾಲಿಸಲಿಲ್ಲ. ಅಧಿಕಾರ ದುರ್ಬಳಕೆಯಾಗಿದೆ ಎಂದು ಕಂಡ ಮೈಸೂರು ಹೈಕೋರ್ಟ್ ಸಂದರ್ಶನವನ್ನು ಮತ್ತೆ ನಡೆಸಲು ಹೇಳಿತು. ಸುಪ್ರೀಂ ಕೋರ್ಟ್ 1964ರ ಚಿತ್ರಲೇಖಾ ತೀರ್ಪಿನಲ್ಲಿ ಆದಾಯ-ಕಸುಬಿನ ಅಳತೆಯನ್ನೂ ಸಂದರ್ಶನವನ್ನೂ ಎತ್ತಿಹಿಡಿಯಿತು. ದುರ್ಬಳಕೆಯಾಗಬಹುದು ಎಂಬ ಕಾರಣಕ್ಕೇ ಒಂದು ಪದ್ಧತಿ ತಪ್ಪಾಗದು ಎಂಬುದು ಬಹುಮತದ ನಿಲುವು. ನ್ಯಾಯಮೂರ್ತಿ ಮುಧೋಳ್ಕರ್ ಒಪ್ಪಲಿಲ್ಲ.

ಸಂದರ್ಶನದ ಮೇಲಿನ ನಂಬಿಕೆ ಮುಂದೆ ಉಳಿಯಲಿಲ್ಲ. 1981ರ ಅಜಯ್ ಹಾಸಿಯಾ ಪ್ರಕರಣ ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನದು. ಲಿಖಿತ ಪರೀಕ್ಷೆಗೆ 100, ಸಂದರ್ಶನಕ್ಕೆ 50 ಅಂಕ. ತಲಾ ಎರಡು-ಮೂರು ನಿಮಿಷದ ಆ ಸಂದರ್ಶನದಲ್ಲಿ ಕೇಳಿದ್ದು ಅಪ್ಪ ಯಾರು, ಮನೆ ಎಲ್ಲಿ ಎಂಬಂಥ ಪ್ರಶ್ನೆಗಳು. ಸಂದರ್ಶನಕ್ಕೆ ಶೇ 15ಕ್ಕಿಂತ ಹೆಚ್ಚು ಅಂಕ ಇಡುವುದು ಮನಸೋಇಚ್ಛೆಯಾಗುತ್ತದೆ ಎಂದಿತು ಸುಪ್ರೀಂ ಕೋರ್ಟ್. ಅಪ್ಪ ಯಾರು ಎಂಬ ಪ್ರಶ್ನೆ ಕೂಲಿಯವನ ಮಗಳಿಗೆ ಅನುಕೂಲವಾಗಿ ಕೆಲಸ ಮಾಡುತ್ತದೆ ಎಂದು ನಂಬುವುದು ಕಷ್ಟ. ವ್ಯಕ್ತಿಯ ಪರಿಸ್ಥಿತಿ ನೋಡುವ ಅಧಿಕಾರ ಯಾರ ಕೈಗೆ ಹೋದರೂ ಅದು ವಶೀಲಿಯವರ ಪಾಲಾಗುತ್ತದೆ ಎಂಬ ಅನುಭವ ಅಷ್ಟರಲ್ಲಿ ಗಟ್ಟಿಯಾಗಿತ್ತು.

ಇತ್ತ ಕರ್ನಾಟಕದಲ್ಲಿ ಖಾಸಗಿ ಕಾಲೇಜುಗಳ ಕಾಲ ಬಂತು. ಡೊನೇಷನ್ ತಡೆಯಲು 1984ರಲ್ಲಿ ಕಾಯ್ದೆಯಾಯಿತು. ಅದರಡಿ 1989ರಲ್ಲಿ ಖಾಸಗಿ ಮೆಡಿಕಲ್ ಕಾಲೇಜಿಗೆ ನಿಗದಿಯಾದ ವಾರ್ಷಿಕ ಶುಲ್ಕ ಹೀಗಿತ್ತು: ಸರ್ಕಾರಿ ಸೀಟಿಗೆ 2,000, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ. ಮೀರತ್‌ನ ವಿದ್ಯಾರ್ಥಿನಿ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿದ 1992ರ ಪ್ರಕರಣ, ಅದರ ಬೆನ್ನಿಗೆ 1993ರ ಉನ್ನಿಕೃಷ್ಣನ್ ತೀರ್ಪು, ಇವೆರಡೂ ಸೇರಿ ಖಾಸಗಿ ಕಾಲೇಜಿನ ಸೀಟನ್ನೂ ಮೆರಿಟ್ ಪಟ್ಟಿಗೆ ತಂದವು. ಅರ್ಧ 'ಫ್ರೀ ಸೀಟು', ಅರ್ಧ 'ಪೇಮೆಂಟ್ ಸೀಟು'. ಅದನ್ನು ಹಂಚಲು 1994ರಲ್ಲಿ ಸಿಇಟಿ ಹುಟ್ಟಿತು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಎಂಆರ್ ಹಾಳೆ, ಕಂಪ್ಯೂಟರಿನ ಮುಂದೆ ಸರತಿ. ಶಿಫಾರಸು ಪತ್ರಕ್ಕೆ ಬೆಲೆ ಇಲ್ಲದ ಈ ವ್ಯವಸ್ಥೆ ರೈತರ, ಗುಮಾಸ್ತರ ಮಕ್ಕಳನ್ನು ದೊಡ್ಡ ಸಂಖ್ಯೆಯಲ್ಲಿ ಎಂಜಿನಿಯರಿಂಗ್ ಕಾಲೇಜಿಗೆ ಕರೆತಂದಿತು. ಅದರ ಗುಣವನ್ನು ಕಡೆಗಣಿಸಿ ದೋಷ ಮಾತ್ರ ಎಣಿಸುವುದು ಸರಿಯಲ್ಲ. ಮುಂದೆ ಟಿ.ಎಂ.ಎ. ಪೈ (2002), ಇನಾಂದಾರ್ (2005) ತೀರ್ಪುಗಳು ಖಾಸಗಿಯವರ ಪಾಲನ್ನು ಹಿಗ್ಗಿಸಿದವು, ಖಾಸಗಿ ಕಾಲೇಜುಗಳದೇ ಪ್ರವೇಶ ಪರೀಕ್ಷೆ ಕಾಮೆಡ್-ಕೆ ಬಂತು, 2017ರ ಹೊತ್ತಿಗೆ ವೈದ್ಯಕೀಯ ಸೀಟು ರಾಷ್ಟ್ರಮಟ್ಟದ ಪರೀಕ್ಷೆಯಾದ ನೀಟ್‌ಗೆ ಹೋಯಿತು. ಆದರೂ ಯಂತ್ರದ ಒಳಗಿನ ತರ್ಕ ಬದಲಾಗಲಿಲ್ಲ.

ಆ ತರ್ಕ ಇಷ್ಟು: ಕಷ್ಟ ಲೆಕ್ಕಕ್ಕೆ ಬರಬೇಕಾದರೆ ಅದಕ್ಕೊಂದು ಪ್ರಮಾಣಪತ್ರ ಇರಬೇಕು, ಪತ್ರಕ್ಕೊಂದು ಕೋಡ್ ಇರಬೇಕು.

ಸೀಟು ಹಂಚಿಕೆ ಪಟ್ಟಿಯಲ್ಲಿ ಕಾಣುವ ಜಿಎಂ, ಜಿಎಂಆರ್, ಜಿಎಂಕೆ, 2ಎಜಿ, 2ಎಆರ್, 2ಎಕೆ ಮುಂತಾದ ಅಕ್ಷರಗಳು ಇವೇ. ಮೊದಲ ಭಾಗ ಪ್ರವರ್ಗ. ಜಿಎಂ ಎಂದರೆ ಸಾಮಾನ್ಯ ವರ್ಗ. ಕೊನೆಯ ಜಿ ಎಂದರೆ ಆ ಪ್ರವರ್ಗದ ಸಾಮಾನ್ಯ ಸೀಟು, ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ ಮಾಧ್ಯಮ. ಪ್ರತಿ ಪ್ರವರ್ಗದ ಒಳಗೇ ಶೇ 15 ಗ್ರಾಮೀಣಕ್ಕೆ, ಶೇ 5 ಕನ್ನಡ ಮಾಧ್ಯಮಕ್ಕೆ. ಸಾಮಾನ್ಯ ವರ್ಗಕ್ಕೆ 100 ಸೀಟಿದ್ದರೆ ಅದರಲ್ಲಿ 15 ಜಿಎಂಆರ್, 5 ಜಿಎಂಕೆ. ಇದರ ಮೇಲೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ನಂತರ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ಆ ಭಾಗದ ಕಾಲೇಜುಗಳಲ್ಲಿ ಶೇ 70, ಉಳಿದೆಡೆ ಶೇ 8. ಬಡತನಕ್ಕೆ ನೇರವಾಗಿ ಸಿಗುವುದು ಹೆಚ್ಚುವರಿ ಸೀಟುಗಳ ಕೋಟಾ, ಎಂದರೆ ಎಸ್‌ಎನ್‌ಕ್ಯೂ: ಮಂಜೂರಾದ ಸೀಟಿನ ಮೇಲೆ ಹೆಚ್ಚುವರಿ ಶೇ 5, ಆದಾಯ ಮಿತಿ 8 ಲಕ್ಷ ರೂಪಾಯಿ, ಬೋಧನಾ ಶುಲ್ಕ ಮನ್ನಾ. ವರ್ಷಕ್ಕೆ 8 ಲಕ್ಷ ದುಡಿಯುವ ಮನೆಯನ್ನೂ 80 ಸಾವಿರ ದುಡಿಯುವ ಮನೆಯನ್ನೂ ಒಂದೇ ಗೂಡಿಗೆ ಹಾಕಿ ರ‍್ಯಾಂಕಿನ ಮೇಲೆ ಹಂಚುವುದರಿಂದ ಆ ಸೀಟು ಯಾರಿಗೆ ಹೋಗುತ್ತದೆ ಎಂದು ಊಹಿಸಲು ಗಣಿತ ಬೇಕಿಲ್ಲ.

ಗ್ರಾಮೀಣ ಕೋಟಾ ನೋಡಿ. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಶಾಲೆಯ ಮುಖ್ಯಸ್ಥರ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಇಲ್ಲಿ ಎಣಿಸುವುದು ಶಾಲೆ ಇರುವ ಜಾಗ, ಮನೆ ಇರುವ ಜಾಗವಲ್ಲ. ಹಾಗಾಗಿ ಹಳ್ಳಿಯ ಸರಹದ್ದಿನಲ್ಲಿರುವ ದುಬಾರಿ ವಸತಿ ಶಾಲೆಯ ಹತ್ತು ವರ್ಷಗಳೂ ಎಣಿಕೆಗೆ ಬರುತ್ತವೆ. ಅತ್ತ, ಆರನೇ ತರಗತಿಯಲ್ಲಿ ತಾಯಿ ತೀರಿಕೊಂಡು ಪೇಟೆಯ ಸೋದರಮಾವನ ಮನೆಯಲ್ಲಿ ಒಂದು ವರ್ಷ ಓದಿ ಹಳ್ಳಿಗೆ ಮರಳಿದ ಹುಡುಗಿಗೆ ಒಂಬತ್ತೇ ವರ್ಷ. ಕೋಟಾ ಇಲ್ಲ. ಯಾವ ಕಷ್ಟ ಅವಳನ್ನು ಹಿಂದಕ್ಕೆಳೆಯಿತೋ ಅದೇ ಅವಳ ಪ್ರಮಾಣಪತ್ರವನ್ನೂ ಕಿತ್ತುಕೊಳ್ಳುತ್ತದೆ. ಹಾಗೆಂದು ಎಂಟು ವರ್ಷ ಸಾಕು ಎಂದರೆ ಕೊನೆಯ ಎರಡು ವರ್ಷ ಬೆಂಗಳೂರಿನ ಕೋಚಿಂಗ್ ಶಾಲೆಗೆ ಹೋಗುವವರಿಗೆ ದಾರಿಯಾಗುತ್ತದೆ. ನಿಯಮ ಬರೆಯುವವರ ಇಕ್ಕಟ್ಟು ಇಲ್ಲಿದೆ. ಸುಪ್ರೀಂ ಕೋರ್ಟ್ ಕೂಡ 1975ರ ಪ್ರದೀಪ್ ಟಂಡನ್ ಪ್ರಕರಣದಲ್ಲಿ ಗುಡ್ಡಗಾಡಿನವರ ಮೀಸಲಾತಿಯನ್ನು ಒಪ್ಪಿ, ಹಳ್ಳಿಯವರೆಲ್ಲ ಒಂದೇ ವರ್ಗವಾಗಲಾರರು ಎಂದು ಉತ್ತರ ಪ್ರದೇಶದ ಗ್ರಾಮೀಣ ಕೋಟಾವನ್ನು ತಳ್ಳಿಹಾಕಿತ್ತು.

ಸೋಲುವುದು ಹೆಚ್ಚಾಗಿ ಕಾಗದದಲ್ಲಿ. 2ಎ, 2ಬಿ, 3ಎ, 3ಬಿಗೆ ಬೇಕಾದದ್ದು ಆದಾಯವೂ ನಮೂದಾದ ಎಫ್ ನಮೂನೆ, ಪ್ರವರ್ಗ-1ಕ್ಕೆ ಇ, ಪರಿಶಿಷ್ಟರಿಗೆ ಡಿ. ಎಫ್ ನಮೂನೆಗೆ ಐದು ವರ್ಷದ ವಾಯಿದೆ ಇರುವುದರಿಂದ ಪ್ರೌಢಶಾಲೆಗೆ ಸೇರುವಾಗ ಮಾಡಿಸಿದ್ದು ಸಿಇಟಿ ಸೀಟು ಹಂಚಿಕೆಯ ಹೊತ್ತಿಗೆ ಸತ್ತಿರುತ್ತದೆ. ಆರ್‌ಡಿ ಸಂಖ್ಯೆಯಲ್ಲಿನ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಅಕ್ಷರ ವ್ಯತ್ಯಾಸ ಇದ್ದರೆ ತಾಳೆಯಾಗದೆ ಹಕ್ಕು ಸಾಮಾನ್ಯ ವರ್ಗಕ್ಕೆ ಜಾರುತ್ತದೆ. ಅರ್ಜಿಯಲ್ಲಿ ಕೇಳದ ಕೋಟಾವನ್ನು ಆಮೇಲೆ ಸೇರಿಸಿಕೊಳ್ಳುವುದು ದುಸ್ತರ. ಸೀಟು ಸಿಕ್ಕ ಮೇಲೂ ಚಾಯ್ಸ್ 1 (ಈ ಸೀಟು ಒಪ್ಪಿದೆ) ಒತ್ತಿ ಗಡುವಿನೊಳಗೆ ಶುಲ್ಕ ಕಟ್ಟದಿದ್ದರೆ ಸೀಟು ತಾನಾಗಿ ರದ್ದು. ನಾಡಕಚೇರಿಗೆ ಫೆಬ್ರುವರಿಯಲ್ಲೇ ಹೋಗಿಬರುವ ಮನೆಗೂ, ಜೂನ್‌ನಲ್ಲಿ ಸರ್ವರ್ ಬಿಜಿ ಎಂಬ ಮಾತು ಕೇಳಿ ಕೂಲಿ ಬಿಟ್ಟು ಮೂರನೇ ಸಲ ಹೋಗುವ ಮನೆಗೂ ಇರುವ ಅಂತರ ಯಾವ ಕೋಡಿನಲ್ಲೂ ಇಲ್ಲ.

ಇಡೀ ಬ್ಯಾಚಿಗೇ ಕಷ್ಟ ಬಂದಾಗ ಏನಾಯಿತು? ಕೋವಿಡ್‌ನಿಂದಾಗಿ 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆ ರದ್ದಾಗಿ, ಎಸ್ಸೆಸ್ಸೆಲ್ಸಿಗೆ 45, ಪ್ರಥಮ ಪಿಯುಗೆ 45, ಆಂತರಿಕಕ್ಕೆ 10ರ ತೂಕದಲ್ಲಿ ಅಂಕ ಕೊಟ್ಟರು. ಎಂಜಿನಿಯರಿಂಗ್ ರ‍್ಯಾಂಕಿಗೆ ಮಾಮೂಲಿನಂತೆ ಪಿಯು ಅಂಕದ ಅರ್ಧ, ಸಿಇಟಿಯ ಅರ್ಧ ಸೇರಬೇಕು. ಆ ವರ್ಷ ಪಿಯು ಭಾಗವನ್ನೇ ಕೈಬಿಟ್ಟರು. 2022ರಲ್ಲಿ ಹಳೆಯ ಲೆಕ್ಕ ಮರಳಿತು, ಆದರೆ ಮತ್ತೆ ಸಿಇಟಿ ಬರೆದ 2021ರ ಸುಮಾರು 24 ಸಾವಿರ ಮಂದಿಗೆ ಪಿಯು ಅಂಕ ಸೇರಿಸಲಿಲ್ಲ. ಹೊಸಬರಿಗಿಂತ ಸಾವಿರಾರು ಸ್ಥಾನ ಕೆಳಗೆ ಬಿದ್ದ ಅವರು ಹೈಕೋರ್ಟ್ ಮೆಟ್ಟಿಲೇರಿದರು. ಏಕಸದಸ್ಯ ಪೀಠ ಅವರ ಪರ ನಿಂತಿತು. ಹಾಗೇ ಸೇರಿಸಿದರೆ ಉದಾರವಾಗಿ ಸಿಕ್ಕ 2021ರ ಅಂಕಗಳಿಂದ ಹೊಸಬರಿಗೆ ಏಟು. ಕೊನೆಗೆ ತಜ್ಞರ ಸಮಿತಿ ಸೂತ್ರ ಕೊಟ್ಟಿತು: ಮೂರೂ ವಿಷಯಗಳಲ್ಲಿ ಸರಾಸರಿ ಆರಾರು ಅಂಕ ಕಳೆದು ಸೇರಿಸುವುದು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಒಪ್ಪಿ, ಪಟ್ಟಿ ಹೊಸದಾಗಿ ತಯಾರಾಯಿತು. ಸಾವಿರಾರು ಜನರ ಕಷ್ಟಕ್ಕೆ ಹೀಗೆ ಸರಾಸರಿ ತೆಗೆಯಬಹುದು, ಒಬ್ಬರದಕ್ಕೆ ಆಗದು.

ಒಬ್ಬರ ಕಷ್ಟಕ್ಕೆ ಉಳಿದಿರುವ ಬಾಗಿಲು ಪೂರ್ಣ ನ್ಯಾಯಕ್ಕಾಗಿ ಬೇಕಾದ ಆದೇಶ ಮಾಡುವ ಅಧಿಕಾರವನ್ನು ಸುಪ್ರೀಂ ಕೋರ್ಟಿಗೆ ಕೊಡುವ ಸಂವಿಧಾನದ 142ನೇ ವಿಧಿ, ಅದೂ ದೆಹಲಿಯಲ್ಲಿ. 2021ರಲ್ಲಿ ಕಾರ್ಡ್ ಕೈಕೊಟ್ಟು 15,000 ರೂಪಾಯಿ ಹೊತ್ತಿಗೆ ಕಟ್ಟಲಾಗದ ದಲಿತ ವಿದ್ಯಾರ್ಥಿಗೆ ಐಐಟಿ ಬಾಂಬೆಯಲ್ಲಿ, 2024ರಲ್ಲಿ 17,500 ರೂಪಾಯಿ ಹೊಂದಿಸುವಷ್ಟರಲ್ಲಿ ಗಡುವು ಮೀರಿದ ಕೂಲಿಕಾರರ ಮಗನಿಗೆ ಧನಬಾದ್ ಐಐಟಿಯಲ್ಲಿ ಸುಪ್ರೀಂ ಕೋರ್ಟ್ ಸೀಟು ಕೊಡಿಸಿತು. ಇಬ್ಬರೂ ರ‍್ಯಾಂಕ್ ಗಳಿಸಿಯಾಗಿತ್ತು, ತಪ್ಪಿದ್ದು ಹಣ ಕಟ್ಟುವ ಗಳಿಗೆ. ಕಷ್ಟದಿಂದಾಗಿ ರ‍್ಯಾಂಕೇ ಕೆಳಗೆ ಹೋದವರಿಗೆ ಈ ಬಾಗಿಲು ತೆರೆಯುವುದಿಲ್ಲ.

ಕೋಟಾಕ್ಕೂ ಸಂದರ್ಶನಕ್ಕೂ ನಡುವಿನ ಒಂದು ದಾರಿಯನ್ನು ದೆಹಲಿಯ ಕೇಂದ್ರೀಯ ವಿಶ್ವವಿದ್ಯಾಲಯ ಜೆಎನ್‌ಯು ಪ್ರಯತ್ನಿಸಿತ್ತು. ಹಿಂದುಳಿದ ಜಿಲ್ಲೆಯಿಂದ ಬಂದವರಿಗೆ 5 ಅಥವಾ 3 ಅಂಕ, ವಿದ್ಯಾರ್ಥಿನಿಯರಿಗೆ 5, ಗರಿಷ್ಠ 10. ಜಿಲ್ಲೆಯ ಸ್ಥಾನ ಸರ್ಕಾರಿ ಅಂಕಿಅಂಶಗಳಿಂದ ಸಿದ್ಧವಾಗಿ ಇರುತ್ತಿದ್ದರಿಂದ ಎದುರು ಕೂತು ತೂಗುವವರು ಬೇಕಿರಲಿಲ್ಲ. 1983ರಲ್ಲಿ ಕೈಬಿಟ್ಟು ತೊಂಬತ್ತರ ದಶಕದಲ್ಲಿ ವಿದ್ಯಾರ್ಥಿಗಳ ಒತ್ತಾಯಕ್ಕೆ ಮತ್ತೆ ತಂದರು.

ಅಂಥ ಕೋಷ್ಟಕ ಕರ್ನಾಟಕದ ಬಳಿಯೂ ಇದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದವು ಎಂದು ಗುರುತಿಸಿತು: 39 ಅತ್ಯಂತ, 40 ಅತಿ, 35 ಹಿಂದುಳಿದವು. ಇದನ್ನು ಅನುದಾನ ಹಂಚಲು ಬಳಸಿದರು, ಸಿಇಟಿ ಅಂಕಕ್ಕೆ ಹಚ್ಚಲಿಲ್ಲ. ಹಚ್ಚುವುದಾದರೆ ಎರಡು ಕೆಲಸ ಬಾಕಿ ಇವೆ. ತಾಲ್ಲೂಕುಗಳ ಸಂಖ್ಯೆ ಈಗ 230 ದಾಟಿರುವುದರಿಂದ ಪಟ್ಟಿಯನ್ನು ಹೊಸದಾಗಿ ಮಾಡಬೇಕು. ನೂರರ ಲೆಕ್ಕದಲ್ಲಿ ಒಂದೇ ಅಂಕಕ್ಕೆ ಸಾವಿರಾರು ರ‍್ಯಾಂಕ್ ಮೇಲೆ ಕೆಳಗೆ ಆಗುವಾಗ ಅತ್ಯಂತ ಹಿಂದುಳಿದ ತಾಲ್ಲೂಕಿಗೆ ಅರ್ಧ ಅಂಕವೋ ಎರಡೋ ಎಂಬುದನ್ನು ಹಳೆಯ ಸಾಲಿನ ಫಲಿತಾಂಶಗಳ ಮೇಲೆ ಹಾಕಿ ನೋಡಿ ತೀರ್ಮಾನಿಸಬೇಕು. ಆ ಪ್ರಯೋಗಕ್ಕೆ ಬೇಕಾದ ದತ್ತಾಂಶವೆಲ್ಲ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮಲ್ಲೇಶ್ವರದ ಕಚೇರಿಯಲ್ಲೇ ಇದೆ.